ಗೋಡೆಯ ಮೇಲಿನ ಖಾಲಿ ಮೊಳೆ

ಟೆಸ್ಟಿಂಗ್ ಕೋಣೆಗೆ ಹೊಸಬರು ಬಂದರೆ ಎಲ್ಲ ಕಾರ್ಖಾನೆಗಳಲ್ಲೂ ಮೊದಲು ಮೀಟರ್ ತೋರಿಸುತ್ತಾರೆ. ನಾನು ತೋರಿಸುತ್ತಿದ್ದುದು ಒಂದು ಮೊಳೆಯನ್ನು. ಕಿಟಕಿ ಪಕ್ಕದ ಗೋಡೆಯಲ್ಲಿ, ಎದೆಮಟ್ಟದಲ್ಲಿ ಹೊಡೆದಿದ್ದ ಆ ಮೊಳೆಗೆ ಏನನ್ನೂ ತೂಗುಹಾಕಿರಲಿಲ್ಲ. "ಇದ್ಯಾಕ್ ಸರ್ ಇಲ್ಲಿ?" ಎಂದು ಕೇಳಿದವರಿಗೆ ಅದರ ಕಥೆ ಹೇಳುತ್ತಿದ್ದೆ. ಕೇಳದವರಿಗೆ ಮೀಟರ್ ತೋರಿಸಿ ಕಳಿಸುತ್ತಿದ್ದೆ. ಖಾಲಿ ಮೊಳೆ ಕಂಡೂ ಯಾಕೆಂದು ಕೇಳದವರು ಈ ಕೆಲಸಕ್ಕೆ ಆಗಿಬರುವುದು ಕಷ್ಟ ಎಂಬುದು ನನ್ನ ಅಂದಾಜು. ಆ ಅಂದಾಜು ಬಹಳ ಸಲ ಸುಳ್ಳಾಗಿಲ್ಲ.

ಆದರೆ ಕಥೆ ಹೇಳುವಾಗ ನಾನೊಂದು ಸಣ್ಣ ಕಳ್ಳಾಟ ಆಡುತ್ತಿದ್ದೆ. ತಪ್ಪು ಮಾಡಿದವರ ಹೆಸರು ಬರುವ ಜಾಗದಲ್ಲಿ "ಯಾರೋ ಒಬ್ಬರು" ಎಂದು ದಾಟಿಸಿಬಿಡುತ್ತಿದ್ದೆ. ಈಗ ನಿವೃತ್ತನಾಗಿ ದಾವಣಗೆರೆಯ ಎಸ್.ಎಸ್. ಬಡಾವಣೆಯ ಮನೆಯಲ್ಲಿ ಕೂತಿದ್ದೇನೆ, ಕಾಪಾಡಿಕೊಳ್ಳಲು ಯಾವ ಕುರ್ಚಿಯೂ ಉಳಿದಿಲ್ಲ. ಆದ್ದರಿಂದ ಪೂರ್ತಿ ಬರೆಯುತ್ತೇನೆ. ಯಾವಾಗ ಯಾವ ಹುದ್ದೆ ಸಿಕ್ಕಿತು ಎಂಬುದನ್ನು ಮಾತ್ರ ಬರೆಯುವುದಿಲ್ಲ. ಅದು ನನ್ನ ಹೆಂಡತಿಗೇ ನೆನಪಿಲ್ಲ, ನಿಮಗೆ ಯಾಕೆ?

ನಾನು ಕೆಲಸ ಕಲಿತದ್ದು ಹರಿಹರದ ಒಂದು ಯಂತ್ರದ ಕಾರ್ಖಾನೆಯಲ್ಲಿ. ತಪಾಸಣೆ ವಿಭಾಗದಲ್ಲಿ ನನ್ನ ಮೇಲಿದ್ದವರು ಗುರುಸಿದ್ದಪ್ಪನವರು. ಮಾತು ಕಡಿಮೆ, ನೋಟ ಜಾಸ್ತಿ. ಒಂದು ಬೆಳಿಗ್ಗೆ ನಾನು ಸಾಲಾಗಿ ಏಳೆಂಟು ಶಾಫ್ಟುಗಳನ್ನು ಅಳತೆ ತಪ್ಪಿವೆ ಎಂದು ಪಕ್ಕಕ್ಕಿಟ್ಟೆ. ಗುರುಸಿದ್ದಪ್ಪನವರು ಬಂದು ಶಾಫ್ಟುಗಳನ್ನು ನೋಡಲಿಲ್ಲ, ನನ್ನ ಕೈ ನೋಡಿದರು.

"ಆ ಗೇಜು ಎಷ್ಟೊತ್ತಿಂದ ನಿನ್ ಮುಷ್ಟಿಯಾಗೆ ಐತೆ?"

"ಬೆಳಿಗ್ಗಿಂದ ಹಿಡ್ಕಂಡೇ ಅದೀನ್ರಿ."

"ಅದಕ್ಕೇ. ನಿನ್ ಕೈ ಕಾವಿಗೆ ಗೇಜು ಉಬ್ಬೈತೆ. ಅದನ್ನ ಕಲ್ಲಿನ ಮ್ಯಾಲಿಟ್ಟು ಒಂದ್ ಚಾ ಕುಡ್ದು ಬಾ. ಆಮ್ಯಾಲೆ ಅಳಿ."

ಚಹಾ ಕುಡಿದು ಬಂದು ಅಳೆದೆ. ಎಲ್ಲ ಶಾಫ್ಟುಗಳೂ ಸರಿ ಇದ್ದವು. "ಮಾಲು ಅಳಿಯೋಕಿಂತ ಮುಂಚೆ ಅಳಿಯೋ ಸಾಮಾನು ಸರಿ ಐತೋ ಇಲ್ಲೋ ನೋಡ್ಬೇಕು. ಮಾಲಿಗೆ ಬಾಯಿಲ್ಲ, ಅದರ ಪರವಾಗಿ ನಾವೇ ವಾದ ಮಾಡ್ಬೇಕು" ಎಂದರು. ಈ ಮಾತನ್ನು ನಾನು ಮುಂದೆ ನೂರಾರು ಜನರಿಗೆ ಹೇಳಿದೆ. ನನಗೇ ಬೇಕಾದ ದಿನ ಮಾತ್ರ ನೆನಪಾಗಲಿಲ್ಲ.

ಹರಿಹರದಲ್ಲಿ ಕೆಲಸ ಇಳಿಮುಖವಾದಾಗ ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಗೆ ಬಂದೆ. ಮಾಲೀಕರು ಚನ್ನಬಸಪ್ಪನವರು. ತಲೆಮಾರುಗಳಿಂದ ವ್ಯಾಪಾರದ ಮನೆತನ. ಇವರು ಅಂಗಡಿ ಬಿಟ್ಟು ಟ್ರ್ಯಾಕ್ಟರ್ ರೇಡಿಯೇಟರ್ ಮಾಡಲು ಹೊರಟವರು. ಎಲ್ಲರೂ ಅವರನ್ನು ಸಾಹುಕಾರ್ರು ಎನ್ನುತ್ತಿದ್ದರು. ಅಲ್ಲಿ ನಮ್ಮ ಪರೀಕ್ಷೆ ಸರಳವಾಗಿತ್ತು. ರೇಡಿಯೇಟರಿನ ಬಾಯಿಗಳನ್ನು ಮುಚ್ಚಿ, ಒಳಗೆ ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸುವುದು. ಗುಳ್ಳೆ ಬಂದರೆ ಸೋರುತ್ತಿದೆ, ಬರದಿದ್ದರೆ ಪಾಸು.

ಆಮೇಲೆ ಬೆಂಗಳೂರಿನ ಒಂದು ಕಂಪನಿಯಿಂದ ಹೊಸ ಮಾಲಿನ ಕೆಲಸ ಬಂತು. ಕಂಪ್ಯೂಟರಿನ ಪ್ರೊಸೆಸರ್ ತಂಪು ಮಾಡುವ ಲಿಕ್ವಿಡ್ ಕೂಲರ್. ನೋಡದವರಿಗೆ ಹೇಳುತ್ತೇನೆ. ಪ್ರೊಸೆಸರ್ ಅಂಗೈಯೊಳಗೆ ಹಿಡಿಯುವ ಚಿಪ್, ಆದರೆ ದುಡಿಯುವಾಗ ದೋಸೆ ಕಾವಲಿಯ ಹಾಗೆ ಕಾಯುತ್ತದೆ. ಅದರ ಮೇಲೆ ಒಂದು ತಾಮ್ರದ ತಟ್ಟೆ ಕೂರುತ್ತದೆ, ತಟ್ಟೆಯ ಬೆನ್ನಿಗೆ ಪುಟ್ಟ ಪಂಪು. ಪಂಪಿನಿಂದ ಎರಡು ರಬ್ಬರ್ ಪೈಪು ಹೊರಟು ಒಂದು ಸಣ್ಣ ರೇಡಿಯೇಟರ್ ಸೇರುತ್ತವೆ. ಅದರ ಮೇಲೆ ಫ್ಯಾನು. ಒಳಗಿನ ದ್ರವ ತಟ್ಟೆಯ ಹತ್ತಿರ ಬಿಸಿ ಎತ್ತಿಕೊಂಡು ಬಂದು ರೇಡಿಯೇಟರಿನಲ್ಲಿ ಬಿಟ್ಟು ಮತ್ತೆ ಹಿಂದಿರುಗುತ್ತದೆ. ಟ್ರ್ಯಾಕ್ಟರಿನದಾದರೆ ಮುಚ್ಚಳ ತೆಗೆದು ನೀರು ಹಾಕಬಹುದು. ಇದಕ್ಕೆ ಮುಚ್ಚಳವೇ ಇಲ್ಲ. ಕಾರ್ಖಾನೆಯಲ್ಲಿ ಒಮ್ಮೆ ತುಂಬಿ ಮುಚ್ಚಿದರೆ ಅದರ ಆಯುಷ್ಯ ಮುಗಿಯುವವರೆಗೆ ಅಷ್ಟೇ. ಹಾಗಾಗಿ ತುಂಬುವ ಕೈಯೂ ಪರೀಕ್ಷಿಸುವ ಕಣ್ಣೂ ಎರಡೂ ಸರಿ ಇರಬೇಕು.

ನನ್ನ ಕಣ್ಣಿನ ಮೊದಲ ಸಾಧನೆ ಕೇಳಿ. ಬೆಂಗಳೂರಿನಿಂದ ಎರಡು ಮಾದರಿ ಕೂಲರ್ ಬಂದವು. ಅವುಗಳ ಜೊತೆ ಹೇಗೆ ಪರೀಕ್ಷಿಸಬೇಕೆಂದು ಬರೆದ ಒಂದು ಹಾಳೆಯೂ ಇತ್ತು. ಹಾಳೆ ಯಾರು ಓದುತ್ತಾರೆ? ಇದೂ ರೇಡಿಯೇಟರೇ ತಾನೆ ಎಂದು ಪಂಪು, ವೈರು, ಫ್ಯಾನು ಸಮೇತ ತೊಟ್ಟಿಗೆ ಇಳಿಸಿದೆ. ಮಧ್ಯಾಹ್ನ ಆ ಕಂಪನಿಯ ಎಂಜಿನಿಯರ್ ಫೋನ್ ಮಾಡಿದರು.

"ಸ್ಯಾಂಪಲ್ ಹೇಗಿದೆ ಸರ್?"

"ಭಾಳ ಚಲೋ ಐತ್ರಿ. ಮುಳುಗಿಸಿ ನೋಡಿದೆ, ಒಂದು ಗುಳ್ಳೆನೂ ಬರ್ಲಿಲ್ಲ."

"ಎಷ್ಟು ಮುಳುಗಿಸಿದ್ರಿ?"

"ಪೂರ್ತಿ."

ನೀರು ಹೊಕ್ಕ ಆ ಎರಡು ಪಂಪುಗಳೂ ಮತ್ತೆ ತಿರುಗಲೇ ಇಲ್ಲ. ಸಾಹುಕಾರ್ರು ಬೈಯಲಿಲ್ಲ. ಆದರೆ ತಿಂಗಳುಗಟ್ಟಲೆ ನಾನು ಎದುರಿಗೆ ಸಿಕ್ಕಾಗಲೆಲ್ಲ "ಹನುಮಂತಪ್ಪ, ಈಜಾಕ ಬಂತೇನು ಅದಕ್ಕೆ?" ಎಂದು ಕೇಳುತ್ತಿದ್ದರು. ಅಂದಿನಿಂದ ತೊಟ್ಟಿ ಬಿಟ್ಟು, ದ್ರವ ತುಂಬುವ ಮೊದಲೇ ಒಳಗೆ ಗಾಳಿ ಹಿಡಿದು ಒತ್ತಡ ಇಳಿಯುತ್ತದೋ ಎಂದು ಗೇಜಿನಲ್ಲಿ ನೋಡುವ ಪದ್ಧತಿಗೆ ಬಂದೆವು. ಹಾಳೆಯನ್ನು ಓದುವ ಪದ್ಧತಿಗೂ ಬಂದೆವು.

ಹಾಳೆಯಲ್ಲಿ ಇಲ್ಲದ್ದನ್ನೂ ಊರು ಕಲಿಸಿತು. ಹಳೆ ದಾವಣಗೆರೆಯ ಒಂದು ಫೋಟೋ ಸ್ಟುಡಿಯೋದಿಂದ ನಮ್ಮ ಕೂಲರ್ ವಾಪಸ್ ಬಂತು, ತಂಪು ಮಾಡುತ್ತಿಲ್ಲವೆಂದು. ಪರೀಕ್ಷೆಯ ಬೆಂಚಿಗೆ ಹಾಕುವ ಮೊದಲೇ ಕಾರಣ ಕಂಡಿತು. ಭತ್ತದ ಹೊಟ್ಟು ಉರಿಸಿ ಮಂಡಕ್ಕಿ ಹುರಿಯುವ ಭಟ್ಟಿಗಳ ಬದಿಯ ಓಣಿ ಅದು. ರೇಡಿಯೇಟರಿನ ಸಂದುಗಳಲ್ಲೆಲ್ಲ ಕರಿ ಮಸಿ ಮೆತ್ತಿಕೊಂಡಿತ್ತು. ನಾನು ಒಂದು ಚೀಲ ಹೊಟ್ಟಿನ ಬೂದಿ ತರಿಸಿ, ಫ್ಯಾನಿನ ಮುಂದೆ ತೂರಿ, ಎಷ್ಟು ಬೂದಿಗೆ ಎಷ್ಟು ಕಾವು ಏರುತ್ತದೆ ಎಂದು ಬರೆದು ಬೆಂಗಳೂರಿಗೆ ಕಳಿಸಿದೆ. ಅವರು ಸಂದುಗಳನ್ನು ಸ್ವಲ್ಪ ಅಗಲ ಮಾಡಿದರು. ಈ ಒಂದು ವಿಷಯದಲ್ಲಿ ನನಗೆ ಇಂದಿಗೂ ಜಂಬ ಇದೆ, ಮುಚ್ಚಿಟ್ಟು ಏನು ಮಾಡಲಿ.

ಇನ್ನು ರೇಣುಕಮ್ಮನ ವಿಷಯಕ್ಕೆ ಬರುತ್ತೇನೆ. ಪಕ್ಕದ ಬಾತಿ ಊರಿನ ಹೆಣ್ಣುಮಗಳು. ನಾಟಿ, ಕಳೆ ಎಂದು ಗದ್ದೆಗಳಲ್ಲಿ ಕೂಲಿ ಮಾಡುತ್ತಿದ್ದವಳು ನಮ್ಮಲ್ಲಿಗೆ ಮೊದಲು ಕಸ ಗುಡಿಸಲು ಬಂದಳು. ಗುಡಿಸುತ್ತಲೇ ನೋಡಿ ನೋಡಿ ಕೆಲಸ ಕಲಿತಳು. ದ್ರವ ತುಂಬುವ ಮೇಜಿನಲ್ಲಿದ್ದವರು ಕೆಲಸ ಬಿಟ್ಟಾಗ ಒಂದು ದಿನ ಆಕೆಯನ್ನು ಕೂರಿಸಿದೆವು. ಒಳಗಿನ ಗಾಳಿ ಎಳೆದು, ದ್ರವ ತುಂಬಿ, ತೂಕ ಹಾಕಿ, ಮುಚ್ಚುವ ಕೆಲಸ. ಆಕೆಗೆ ಒಂದು ವಿಶೇಷವಿತ್ತು. ಮುಚ್ಚಿದ ಮೇಲೆ ಪಂಪು ಓಡಿಸಿ ಕಿವಿಗೆ ಹಿಡಿಯುತ್ತಿದ್ದಳು. "ಇದರಾಗೆ ಗಾಳಿ ಉಳ್ದೈತ್ರಿ ಸರ್, ಗುಳುಗುಳು ಅಂತೈತೆ" ಎಂದರೆ ಅದನ್ನು ಬಿಚ್ಚಿ ನೋಡಬೇಕಾಗಿರಲಿಲ್ಲ. ಆಕೆಯ ಮನೆಯಲ್ಲಿ ತಿಂಗಳ ಸಂಬಳದ ಕೆಲಸ ಹಿಡಿದವರು ಆಕೆಯೇ ಮೊದಲು. ಗುರುತಿನ ಚೀಟಿಯನ್ನು ಕೊರಳಿನಿಂದ ತೆಗೆಯದೆ ಊರೊಳಗೆ ನಡೆದು ಹೋಗುತ್ತಾಳೆ ಎಂದು ಬಾತಿಯಿಂದ ಬರುವ ಉಳಿದವರು ರೇಗಿಸುತ್ತಿದ್ದರು.

ಆಕೆ ಆ ಮೇಜಿಗೆ ಕೂತ ಕೆಲವೇ ದಿನಕ್ಕೆ ಬೇಸಿಗೆ ಬಂತು. ಸಾಹುಕಾರ್ರ ತಂದೆಯವರು ಪ್ರತಿ ಬೇಸಿಗೆ ಅಂಗಡಿ ಮುಂದೆ ಅರವಟ್ಟಿಗೆ ಇಡುತ್ತಿದ್ದರಂತೆ, ದಾರಿಹೋಕರಿಗೆ ನೀರು. ಮಗ ಅದನ್ನು ಕಾರ್ಖಾನೆಯಲ್ಲೂ ಬಿಡಲಿಲ್ಲ. ಆದರೆ ಗೇಟಿನ ಹತ್ತಿರ ಲಾರಿ ಧೂಳು. ಹಮಾಲರು, ಡ್ರೈವರುಗಳು ಕುಡಿಯುವ ನೀರಿಗೆ ನೆರಳು, ಗಾಳಿ ಎರಡೂ ಇರುವ ಜಾಗ ಬೇಕಿತ್ತು. "ನಮ್ ಟೆಸ್ಟಿಂಗ್ ರೂಮಿನ ಕಿಟಕಿ ಹತ್ರ ಇಡ್ರಿ" ಎಂದವನು ನಾನು. ಗಡಿಗೆಗೆ ಗೋಣಿ ಸುತ್ತಿ, ಗೋಣಿಗೆ ನೀರು ಚಿಮುಕಿಸಿ ಇಟ್ಟೆವು. ದಿನಾ ಬೆಳಿಗ್ಗೆ ತುಂಬಿಸುವ ಕೆಲಸವನ್ನು ರೇಣುಕಮ್ಮ ತಾನಾಗಿ ವಹಿಸಿಕೊಂಡಳು. ಎರಡು ತಾಸಿನಲ್ಲಿ ನೀರು ಹಲ್ಲು ಜುಮ್ಮೆನ್ನುವಷ್ಟು ತಂಪಾಗುತ್ತಿತ್ತು. ಗಡಿಗೆಯ ಮೇಲೆ, ಅದೇ ಗೋಡೆಯ ಮೊಳೆಗೆ, ಕೋಣೆಯ ಉಷ್ಣತೆ ತೋರಿಸುವ ಥರ್ಮಾಮೀಟರ್ ತೂಗುತ್ತಿತ್ತು.

ನಮ್ಮ ಮುಖ್ಯ ಪರೀಕ್ಷೆ ಹೀಗಿತ್ತು. ನಿಜವಾದ ಪ್ರೊಸೆಸರ್ ಬದಲು ಒಳಗೆ ಹೀಟರ್ ಇರುವ ತಾಮ್ರದ ಬ್ಲಾಕ್ ಇಟ್ಟು, ಅದರ ಮೇಲೆ ಕೂಲರ್ ಬಿಗಿದು, ಕಾವು ನಿಲ್ಲುವವರೆಗೆ ಓಡಿಸುವುದು. ಬ್ಲಾಕಿನ ಉಷ್ಣತೆಯಿಂದ ಕೋಣೆಯ ಉಷ್ಣತೆಯನ್ನು ಕಳೆಯಬೇಕು. ಬರುವ ಅಂತರ ಮೂವತ್ತು ಡಿಗ್ರಿ ಮೀರಿದರೆ ಮಾಲು ಫೇಲ್. ಕೋಣೆ ಮೂವತ್ತೆಂಟು, ಬ್ಲಾಕ್ ಅರವತ್ತಾರು ಎಂದಾದರೆ ಅಂತರ ಇಪ್ಪತ್ತೆಂಟು, ಪಾಸು. ಇದು ಐದನೇ ಕ್ಲಾಸಿನ ಕಳೆಯುವ ಲೆಕ್ಕ. ಅದರಲ್ಲಿ ತಪ್ಪಾಗುತ್ತದೆ ಎಂದು ಯಾರು ಅಂದುಕೊಳ್ಳುತ್ತಾರೆ?

ಬೇಸಿಗೆ ಹಿಡಿದ ವಾರದಿಂದ ಮಾಲು ಫೇಲಾಗತೊಡಗಿತು. ಮೊದಲು ಹತ್ತರಲ್ಲಿ ಒಂದು, ಆಮೇಲೆ ಮೂರು, ನಾಲ್ಕು. ಕಾವು ಇಳಿಯುತ್ತಿಲ್ಲವೆಂದರೆ ಒಳಗೆ ದ್ರವ ಕಡಿಮೆ ಅಥವಾ ಗಾಳಿ ಜಾಸ್ತಿ ಎಂದು ಅರ್ಥ. ಅಂದರೆ ತುಂಬಿದ ಕೈಯ ದೋಷ. ಹೊಸ ಕೈ ಯಾರದು ಎಂದು ಎಲ್ಲರಿಗೂ ಗೊತ್ತಿತ್ತು. ನಾನು ತಪ್ಪಿನ ರಿಜಿಸ್ಟರಿನಲ್ಲಿ ದಿನಾ ಬರೆದೆ: "ದ್ರವ ತುಂಬುವಲ್ಲಿ ದೋಷ. ರೇಣುಕಮ್ಮ."

ಆಕೆ ಎರಡು ಸಲ ನನ್ನ ಮೇಜಿಗೆ ಬಂದಳು. "ತೂಕ ಸರಿ ಐತ್ರಿ ಸರ್. ಕಿವಿಗೆ ಹಿಡ್ದೂ ನೋಡೀನಿ, ಒಂದ್ರಾಗೂ ಗಾಳಿ ಇಲ್ಲ."

"ಮೀಟರ್ ಸುಳ್ಳು ಹೇಳ್ತೈತೇನಮ್ಮ?" ಎಂದೆ.

"ಹಂಗಲ್ರಿ. ನನ್ ಕೈನೂ ಸುಳ್ಳು ಹೇಳಂಗಿಲ್ಲ ಅಂತೀನಿ."

ಈ ಮಾತು ನನಗೆ ಉದ್ಧಟತನ ಎನಿಸಿತು. ಈಗ ನೆನೆದರೆ ನಾಚಿಕೆಯಾಗುತ್ತದೆ. ಬಾಯಿಲ್ಲದ ಮಾಲಿನ ಪರವಾಗಿ ವಾದ ಮಾಡಬೇಕು ಎಂದು ಕಲಿತವನು, ಬಾಯಿ ಇದ್ದ ಹೆಣ್ಣುಮಗಳು ತನ್ನ ಪರವಾಗಿ ತಾನೇ ವಾದ ಮಾಡಿದರೆ ಸಿಟ್ಟಾದೆ.

ಒಂದು ಸೋಮವಾರ ಆಕೆ ರಜೆ ಹಾಕಿದಳು. ಹರಿಹರದಲ್ಲಿ ತಂಗಿಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಮೇಜಿಗೆ ಪ್ಯಾಕಿಂಗಿನ ಶಾಂತಮ್ಮನನ್ನು ಕೂರಿಸಿದೆವು. ಆ ದಿನ ಬೆಂಚಿಗೆ ಬಂದ ಮಾಲೆಲ್ಲ ಪಾಸಾಯಿತು. ಒಂದೂ ಫೇಲಿಲ್ಲ.

ಸಾಹುಕಾರ್ರು ಸಂಜೆ ಬಂದು ರಿಜಿಸ್ಟರ್ ನೋಡಿದರು. "ನೋಡಿದ್ರ್ಯಾ ಹನುಮಂತಪ್ಪ, ಆಕಿ ಇಲ್ದ ದಿನ ಹೆಂಗೆ ಪಾಸಾತು. ಇನ್ನೇನ್ ಬೇಕು?"

ನಾನೂ ಹೂಂ ಎಂದೆ. ದೋಷ ಆಕೆಯ ಕೈಯದೇ ಎಂದು, ಅವರು ಕೇಳಿದ ವರದಿಯನ್ನು ಅಲ್ಲೇ ಬರೆದುಕೊಟ್ಟೆ. ಮರುದಿನ ಬೆಳಿಗ್ಗೆ ರೇಣುಕಮ್ಮ ಬಂದಾಗ, ಇನ್ನು ಮೇಲೆ ಪ್ಯಾಕಿಂಗಿಗೆ ಹೋಗಬೇಕು ಎಂದು ಸಾಹುಕಾರ್ರೇ ಹೇಳಿದರು.

"ನನ್ ಕೈ ಸರಿ ಇಲ್ಲ ಅಂದ್ಮ್ಯಾಲೆ ಪ್ಯಾಕಿಂಗಿಗಾದ್ರೂ ಯಾಕ್ರಿ?" ಎಂದಳು. ಕೊರಳಿನ ಚೀಟಿ ತೆಗೆದು ನನ್ನ ಮೇಜಿನ ಮೇಲಿಟ್ಟು ಹೋದಳು. ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಅದಾದ ಒಂದು ಗಂಟೆಗೆ, ಹಿಂದಿನ ದಿನ ಪಾಸಾದ ಮಾಲಿನ ಚೀಟಿಗಳಿಗೆ ಸಹಿ ಹಾಕಲು ಕೂತೆ. ಪ್ರತಿ ಕೂಲರಿಗೂ ತುಂಬಿದವರ ಹೆಸರಿನ ಮೊದಲಕ್ಷರ ಬರೆದ ಚೀಟಿ ಅಂಟಿಸುತ್ತಿದ್ದೆವು. ಮೊದಲನೆಯದರಲ್ಲಿ "ರೇ" ಎಂದಿತ್ತು. ಎರಡನೆಯದರಲ್ಲೂ "ರೇ". ಅಷ್ಟೂ ಚೀಟಿಗಳಲ್ಲಿ "ರೇ".

ಸೋರಿಕೆ ಇದ್ದರೆ ಗೊತ್ತಾಗಲಿ ಎಂದು ತುಂಬಿದ ಮಾಲನ್ನು ಒಂದು ದಿನ ಸುಮ್ಮನೆ ಇಟ್ಟು ಆಮೇಲೆ ಪರೀಕ್ಷಿಸಬೇಕು ಎಂಬ ನಿಯಮ ನಮ್ಮಲ್ಲಿತ್ತು. ಆ ನಿಯಮ ಮಾಡಿದವನು ನಾನೇ. ಸೋಮವಾರ ಪಾಸಾದದ್ದು ಶನಿವಾರ ತುಂಬಿದ ಮಾಲು. ತುಂಬಿದವಳು ರೇಣುಕಮ್ಮ. ಆಕೆ ಇಲ್ಲದ ದಿನ ಆಕೆಯ ಮಾಲೇ ಪಾಸಾಗಿತ್ತು.

ಎದ್ದು ಬೆಂಚಿಗೆ ಹೋದೆ. ಆ ಹೊತ್ತಿಗೆ ಶಾಂತಮ್ಮ ಸೋಮವಾರ ತುಂಬಿದ ಮಾಲು ಓಡುತ್ತಿತ್ತು. ಮೊದಲ ಮೂರರಲ್ಲಿ ಎರಡು ಫೇಲ್. ಹಾಗಾದರೆ ಕೈಯದಲ್ಲ. ಸೋಮವಾರ ಇಲ್ಲದ್ದು, ಬೇರೆ ದಿನ ಇದ್ದದ್ದು ಏನು? ಕೋಣೆಯ ನಡುವೆ ನಿಂತು ಸುತ್ತ ನೋಡಿದೆ. ಶಾಂತಮ್ಮ ಗಡಿಗೆಯಿಂದ ನೀರು ಕುಡಿಯುತ್ತ, "ನಿನ್ನೆ ಇಡೀ ದಿನ ನೀರೇ ಇರ್ಲಿಲ್ರಿ, ರೇಣುಕಕ್ಕ ಬಂದಿರ್ಲಿಲ್ಲಲ್ಲ. ಇವತ್ತು ನಾನೇ ತುಂಬಿಸ್ದೆ" ಎಂದಳು.

ನಿನ್ನೆ ಒಣಗಿದ್ದ ಗೋಣಿ ಇವತ್ತು ಮತ್ತೆ ಹಸಿಯಾಗಿತ್ತು. ಕಿಟಕಿಯಿಂದ ಬರುವ ಗಾಳಿ ಆ ಗೋಣಿಯನ್ನು ಸವರಿಕೊಂಡು ನೇರವಾಗಿ ಥರ್ಮಾಮೀಟರಿಗೆ ಬಡಿಯುತ್ತಿತ್ತು. ಮೊಳೆಯಿಂದ ಅದನ್ನು ತೆಗೆದು, ಕೂಲರ್ ಉಸಿರೆಳೆಯುವ ಜಾಗದಲ್ಲಿ, ಬೆಂಚಿನ ಮೇಲಿಟ್ಟೆ. ಮೂವತ್ತೈದರಲ್ಲಿದ್ದ ಪಾದರಸ ನಿಧಾನಕ್ಕೆ ಏರಿ ಮೂವತ್ತೆಂಟಕ್ಕೆ ನಿಂತಿತು. ವಾರಗಟ್ಟಲೆ ನಾನು ಕೋಣೆಯ ಉಷ್ಣತೆ ಎಂದು ಬರೆದದ್ದು ಗಡಿಗೆಯ ಪಕ್ಕದ ಉಷ್ಣತೆ. ಮೂರು ಡಿಗ್ರಿ ಕಡಿಮೆ ಕಳೆದದ್ದರಿಂದ ಅಂತರ ಮೂರು ಡಿಗ್ರಿ ಜಾಸ್ತಿ ಬಂದು, ಇಪ್ಪತ್ತೆಂಟಕ್ಕೆ ಪಾಸಾಗಬೇಕಾದ ಮಾಲು ಮೂವತ್ತೊಂದಕ್ಕೆ ಫೇಲಾಗುತ್ತಿತ್ತು. ಗುರುಸಿದ್ದಪ್ಪನವರು ಹಿಂದೆ ನಿಂತು "ಎಷ್ಟೊತ್ತಿಂದ ಐತೆ?" ಎಂದು ಕೇಳಿದ ಹಾಗಾಯಿತು.

ಸಾಹುಕಾರ್ರಿಗೆ ಹೋಗಿ ಹೇಳಿದೆ. ಅವರಿಗೆ ಮೊದಲು ಬಂದದ್ದು ಬೆಂಗಳೂರಿನ ಯೋಚನೆ. "ಕಳಿಸಿದ ಮಾಲು?"

"ಕಳಿಸಿದ್ದೆಲ್ಲ ಚಲೋನೇ ಐತ್ರಿ. ಚಲೋ ಇದ್ದಿದ್ದನ್ನ ಕೆಟ್ಟದು ಅಂತ ಒಗ್ದೀವಿ, ಅಷ್ಟೇ."

"ಹಂಗಾದ್ರೆ ಆಕಿಗೆ ಫೋನ್ ಮಾಡಿ ಬಾ ಅನ್ರಿ. ಕಾರಣ ಹೇಳೋದು ಬ್ಯಾಡ. ಇಷ್ಟು ವರ್ಷದ ಮನಷ್ಯಾರು ನೀವು, ನಿಮ್ ಮರ್ಯಾದಿ ನೋಡ್ಬೇಕಲ್ಲ."

ಒಪ್ಪಿಕೊಳ್ಳುತ್ತೇನೆ, ಆ ಸಲಹೆ ನನಗೆ ಹಿಡಿಸಿತು. ಮಧ್ಯಾಹ್ನ ಫೋನ್ ಮಾಡಿ, "ರೇಣುಕಮ್ಮ, ನಾಳೆಯಿಂದ ನಿನ್ ಮೇಜಿಗೇ ಬಾರಮ್ಮ, ಎಲ್ಲ ಸರಿ ಆಗೈತೆ" ಎಂದೆ.

"ಏನ್ ಸರಿ ಆತ್ರಿ? ತಪ್ಪು ಎಲ್ಲಿತ್ತು?"

"ಅದೆಲ್ಲ ಈಗ ಯಾಕಮ್ಮ, ನಾಳೆ ಬಾ" ಎಂದು ಮಾತು ತೇಲಿಸಿದೆ.

"ತಪ್ಪು ಎಲ್ಲಿತ್ತು ಅಂತ ಗೊತ್ತಾಗ್ದೆ ಬಂದ್ರೆ, ಅದು ನನ್ ಕೈಯಾಗೇ ಇತ್ತು ಅಂತಾಗ್ತೈತ್ರಿ ಸರ್" ಎಂದು ಫೋನ್ ಇಟ್ಟಳು.

ಮರುದಿನ ಬೆಳಿಗ್ಗೆ ಬೈಕ್ ಹತ್ತಿ ಬಾತಿಗೆ ಹೋದೆ. ರೇಣುಕಮ್ಮ ಮನೆ ಮುಂದೆ ಜೋಳ ಹಸನು ಮಾಡುತ್ತಿದ್ದಳು. ಎದ್ದು "ಬರ್ರಿ ಸರ್, ಕೂಡ್ರಿ" ಎಂದು ಕಟ್ಟೆಯ ಮೇಲೆ ಚಾಪೆ ಹಾಸಿದಳು. ಸಿಟ್ಟಿದ್ದರೂ ಬಂದವರಿಗೆ ಮೊದಲು ನೀರು. ಒಳಗೆ ಹೋಗಿ ಲೋಟ ತಂದಿಟ್ಟಳು. ಗಡಿಗೆಯ ನೀರು, ಲೋಟ ಮುಟ್ಟಿದರೇ ತಣ್ಣಗಿತ್ತು. ಆ ಲೋಟ ಕೈಯಲ್ಲಿ ಹಿಡಿದುಕೊಂಡೇ ಎಲ್ಲವನ್ನೂ ಹೇಳಿದೆ. ಗೋಣಿ, ಗಾಳಿ, ಮೊಳೆ, ಮೂರು ಡಿಗ್ರಿ. ಗಡಿಗೆಗೆ ಆ ಜಾಗ ತೋರಿಸಿದವನು ನಾನು, ಥರ್ಮಾಮೀಟರ್ ನೋಡಿಕೊಳ್ಳಬೇಕಾದವನು ನಾನು, ವರದಿ ಬರೆದವನೂ ನಾನೇ ಎಂದೆ.

ಆಕೆ ಜೋಳದಲ್ಲಿ ಸಿಕ್ಕ ಒಂದು ಕಲ್ಲನ್ನು ಆರಿಸಿ ಎಸೆದಳು. "ಆ ಗಡಿಗೆ ನಾನೇ ದಿನಾ ತುಂಬಿಸ್ತಿದ್ದೆನಲ್ರಿ" ಎಂದಳು.

ಆಮೇಲೆ ಕೇಳಿದಳು. "ಆ ಬುಕ್ಕಿನಾಗೆ ನನ್ ಹೆಸ್ರು ಎಷ್ಟ್ ಕಡೆ ಬರ್ದೀರಿ?"

"ಭಾಳ ಕಡೆ ಐತಮ್ಮ."

"ಅಷ್ಟ್ ಕಡೆನೂ ಸರಿ ಮಾಡ್ರಿ. ಎಲ್ಲಾರೂ ಕೇಳಂಗೆ ಓದ್ರಿ. ಬರ್ತೀನಿ."

ಮರುದಿನ ಎಲ್ಲರನ್ನೂ ಟೆಸ್ಟಿಂಗ್ ಕೋಣೆಗೆ ಕರೆದೆ. ಸಾಹುಕಾರ್ರೂ ಬಂದು ಬಾಗಿಲ ಹತ್ತಿರ ನಿಂತರು, ನಾನು ಕೊನೆ ಗಳಿಗೆಯಲ್ಲಿ ಹಿಂದೆ ಸರಿಯುತ್ತೇನೇನೋ ಎಂದು ನೋಡುತ್ತಿದ್ದರು. ರಿಜಿಸ್ಟರ್ ತೆರೆದು ಆಕೆಯ ಹೆಸರಿದ್ದ ಪ್ರತಿ ಸಾಲಿನ ಮೇಲೂ ಗೆರೆ ಎಳೆದು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದು, ಓದಿದೆ: "ತುಂಬಿದ್ದು ಸರಿ ಇತ್ತು. ಅಳೆದದ್ದು ತಪ್ಪು. ಅಳೆದವನು ಹನುಮಂತಪ್ಪ." ಓದಿ ಮುಗಿಸಿ ಆಕೆಯ ಗುರುತಿನ ಚೀಟಿಯನ್ನು ಮೇಜಿನಿಂದ ಎತ್ತಿ ಕೊಟ್ಟೆ.

ಆಕೆ ಅದನ್ನು ಕೊರಳಿಗೆ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ಹೊರಗೆ ಹೋಗಿ ಗಡಿಗೆ ತುಂಬಿಸಿಕೊಂಡು ಬಂದಳು. ಸೊಂಟದ ಮೇಲೆ ಅದನ್ನು ಹೊತ್ತು ಕೋಣೆಯ ನಡುವೆ ನಿಂತು, ಎಲ್ಲರೂ ನೋಡುತ್ತಿರುವಾಗಲೇ ಕೇಳಿದಳು.

"ಇದನ್ನ ಎಲ್ಲಿ ಇಡ್ಲಿ ಸರ್?"

ಮೊದಲು ನಕ್ಕವರು ಸಾಹುಕಾರ್ರು. ನಾನೆಂದೆ, "ಅದರ ಜಾಗದಾಗೇ ಇಡಮ್ಮ. ನೀರಿನ ತಪ್ಪೇನೈತೆ? ಥರ್ಮಾಮೀಟರ್ ಅಲ್ಲಿಗೆ ಮತ್ತೆ ಹೋಗಂಗಿಲ್ಲ." ಗಡಿಗೆ ಕಿಟಕಿಯ ಹತ್ತಿರವೇ ಉಳಿಯಿತು. ಥರ್ಮಾಮೀಟರ್ ಬೆಂಚಿಗೆ ಬಂತು. ಮೊಳೆ ಕೀಳಲು ಬಡಗಿ ಬಂದಾಗ ನಾನೇ ಬೇಡ ಎಂದೆ.

ಈಗ ಪದ್ಧತಿ ಎಲ್ಲ ಬದಲಾಗಿದೆ. ಪಾದರಸದ ಕಾಲ ಹೋಯಿತು. ಕೂಲರ್ ಗಾಳಿ ಎಳೆಯುವ ಬಾಯಿಯಲ್ಲೇ ಸೆನ್ಸರ್ ಕೂರುತ್ತದೆ, ಕಳೆಯುವ ಲೆಕ್ಕವನ್ನು ಕಂಪ್ಯೂಟರ್ ಮಾಡುತ್ತದೆ. ನಾನು ಬಿಟ್ಟುಬಂದ ಮೇಲೆ ಟೆಸ್ಟಿಂಗ್ ಕೋಣೆ ನೋಡಿಕೊಳ್ಳುವವಳು ರೇಣುಕಮ್ಮ. ಆಕೆಯನ್ನು ಕೂರಿಸಿ ಎಂದು ಬರೆದುಕೊಟ್ಟದ್ದು ನನ್ನ ಕೊನೆಯ ವರದಿ. ಅದರಲ್ಲಿ ಒಂದಕ್ಷರವೂ ತಪ್ಪಿಲ್ಲ ಎಂದು ಎದೆ ತಟ್ಟಿ ಹೇಳಬಲ್ಲೆ.

ಮೊನ್ನೆ ಶಾಂತಮ್ಮ ಸಂತೆಯಲ್ಲಿ ಸಿಕ್ಕಿದ್ದಳು. ಹೊಸದಾಗಿ ಡಿಪ್ಲೊಮಾ ಮುಗಿಸಿದ ಇಬ್ಬರು ಹುಡುಗಿಯರು ಕೆಲಸಕ್ಕೆ ಸೇರಿದ್ದಾರಂತೆ. ರೇಣುಕಮ್ಮ ಅವರಿಗೂ ಮೊದಲು ಮೊಳೆಯನ್ನೇ ತೋರಿಸಿದಳಂತೆ.

"ಕಥಿ ಹೇಳ್ತಾಳೇನು?" ಎಂದೆ.

"ಪೂರ್ತಿ ಹೇಳ್ತಾಳ್ರಿ."

"ಯಾರೋ ಒಬ್ರು ಅಂತಾಳೋ, ಹೆಸ್ರು ಹೇಳ್ತಾಳೋ?"

ಶಾಂತಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು. "ಹೆಸ್ರೇ ಹೇಳ್ತಾಳ್ರಿ. ಆ ರಿಜಿಸ್ಟರ್ ತಗದು, ಕೆಂಪು ಶಾಯಿದು ಓದಿ ತೋರಿಸ್ತಾಳೆ."

ಓದಲಿ. ನಾನು ಬರೆದದ್ದರಲ್ಲಿ ಓದಿ ತೋರಿಸಲು ಯೋಗ್ಯವಾದದ್ದು ಅದೊಂದೇ.